ಬಾಗಿಲ ಹಿಂದಿನ ಜಾಮೀನು

ಮುಂಬಯಿಗೆ ಬಂದ ಹೊಸದರಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಸಮುದ್ರವಲ್ಲ, ನಮ್ಮ ಕಚೇರಿಯ ಒಂದು ನಿಯಮ. ಪರದೇಶಕ್ಕೆ ಉದ್ದರಿ ಮಾಲು ಕಳಿಸಿದವರಿಗೆ ಹಣ ಬಾರದೇ ಹೋದರೆ ನಷ್ಟದ ಬಹುಪಾಲು ತುಂಬಿಕೊಡಲು ಸರಕಾರ ಹೊಸದಾಗಿ ತೆರೆದ ಕಚೇರಿಯಿದು. ಆದರೆ ಈ ಜಾಮೀನಿನ ಸುದ್ದಿ ಕೊಳ್ಳುವವನಿಗೆ ತಿಳಿಸಕೂಡದು. ತಿಳಿಸಿದರೆ ರದ್ದು! ನಮ್ಮೂರು ಗೋಕಾವಿಯಲ್ಲಿ ಜಾಮೀನಾಗುವವನು ಇಬ್ಬರ ನಡುವೆ ಕಂಬಳಿಯ ಮೇಲೆ ಕೂತು, ನಾಲ್ಕು ಜನ ಕೇಳುವಂತೆ "ನಾ ಅದೀನಿ" ಅನ್ನುತ್ತಾನೆ. ಇಲ್ಲಿ ಅವನು ಬಾಗಿಲ ಹಿಂದೆ ನಿಲ್ಲಬೇಕು. ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದ ನಾನು ಸಾಹೇಬರೊಡನೆ ಒಂದು ಮಧ್ಯಾಹ್ನವಿಡೀ ವಾದಿಸಿ ಸೋತೆ.

ಉಳಿದದ್ದಕ್ಕೆ ಬೇಗ ಒಗ್ಗಿದೆ. ಗಿರಗಾಂವದ ಚಾಳಿನಲ್ಲಿ ಮೂವರಿಗೊಂದು ಖೋಲಿ. ಮರಾಠಿ ನಮ್ಮ ಕಡೆಯವರಿಗೆ ಹೊಸದಲ್ಲ. ನಾನು ಮಾತಾಡಿದರೆ ಇಲ್ಲಿಯವರು ನಗುತ್ತಾರೆ, ಅಷ್ಟೇ. ಇರಾಣಿ ಹೋಟೆಲಿನಲ್ಲಿ ಬ್ರುನ್ ಎಂಬ ಗಟ್ಟಿ ಪಾವನ್ನು ಚಹಾದಲ್ಲಿ ಅದ್ದುವಾಗ, ಇದು ಒಣಗಿಸಿದ ನಮ್ಮ ಕಟಕ ರೊಟ್ಟಿಯ ದೂರದ ಬಳಗವೇ ಅನ್ನಿಸುತ್ತದೆ. ಆದರೆ ರವಿವಾರ ಕನ್ನಡದಲ್ಲಿ ಜಗಳಾಡಲು ಯಾರೂ ಸಿಗುವುದಿಲ್ಲ.

ಅಂಥದ್ದರಲ್ಲಿ ಊರಿಂದ ಚನ್ನಬಸಪ್ಪ ಕಾಕಾ ಬಂದ. ನಮ್ಮೂರ ಬಣ್ಣದ ಕಟ್ಟಿಗೆಯ ಆಟಿಕೆ ಹಣ್ಣುಗಳನ್ನು ಮೊದಲ ಬಾರಿ ಇರಾಕಿನ ಬಸ್ರಾಕ್ಕೆ ಕಳಿಸುವವನಿದ್ದ. ನಮ್ಮ ಕಚೇರಿಯ ಜಾಮೀನು ನೋಡಿಯೇ ಬ್ಯಾಂಕು ಅವನಿಗೆ ಸಾಲ ಕೊಟ್ಟಿತ್ತು. ಆ ಜಾಮೀನು ಮುರಿದರೆ ಹಣ್ಣು ಕೆತ್ತುವ ಇಡೀ ಓಣಿಗೆ ಕೆಲಸವಿಲ್ಲ. ಅದೇ ಇರಾಣಿ ಹೋಟೆಲಿನಲ್ಲಿ ಬಸ್ರಾದ ವ್ಯಾಪಾರಿ ಎದುರಿಗೆ ಕೂತ. ಕಾಕಾನ ಕನ್ನಡವನ್ನು ಹಿಂದುಸ್ತಾನಿಗೆ ತಿರುಗಿಸುವವ ನಾನು.

"ಸರಕಾರ ನಮ್ಮ ಬೆನ್ನಿಗೆ ಐತಿ ಅಂತ ಹೇಳೋ ತಮ್ಮಾ," ಅಂದ ಕಾಕಾ, ಗತ್ತಿನಿಂದ.

'ಸರಕಾರ' ಎಂಬ ಮಾತಿಗೆ ವ್ಯಾಪಾರಿ ತಲೆಯೆತ್ತಿದ. ನಾನು ಕಾಕಾನ ಕಿವಿಯತ್ತ ಬಾಗಿದೆ.

"ಆ ಶಬ್ದ ಎತ್ತಬ್ಯಾಡ ಕಾಕಾ, ಅವಂಗ ತಿಳಿತೈತಿ. ಹೇಳಿದ್ರ ಎಲ್ಲಾ ರದ್ದು."

"ಮುಚ್ಚಿಟ್ರ ಕಳ್ಳತನ ಆಗಂಗಿಲ್ಲೇನೋ?"

"ಹೇಳಿದ್ರ ಉಳಿದಾವರ ರೊಕ್ಕ ಎಲ್ಲಾ ಮುಟ್ಟಿಸಿ, ನಿಂದು ಕಡೀಕ ಇಡತಾನ."

"ಅಂಥಾಂವ ಇದ್ರ ಅವಂಗ ಮಾಲ ಯಾಕ ಕೊಡಬೇಕು?"

ಸಾಹೇಬರೆದುರು ನಾನೇ ಹೂಡಿದ್ದ ವಾದ! ಈಗ ಎದುರು ಪಕ್ಷದಲ್ಲಿ ನಿಂತು ಉತ್ತರಿಸಬೇಕಾಯಿತು.

"ಖರೆ ಮನಶ್ಯಾನ ಹಂಗ ಮಾಡತಾನ ಕಾಕಾ. ಅಡಚಣಿ ಬಂದಾಗ, ಬೆನ್ನಿಗೆ ಯಾರೂ ಇಲ್ಲದಾಂವಗ ಮೊದಲ ಕೊಡತಾನ. ನೀನಾದ್ರೂ ಹಂಗ ಮಾಡ್ತಿ."

ಕಾಕಾ ಹೌದೆಂಬಂತೆ ತಲೆದೂಗಿದ. ಏನು ಜಗಳ ಎಂದು ವ್ಯಾಪಾರಿ ಕೇಳಿದ.

"ನಮ್ಮ ಹುಡುಗ ಭಾಳ ವಾದ ಮಾಡತಾನ ಅಂತ ಹೇಳು," ಅಂದ ಕಾಕಾ. "ಅದರಾಗೇನ ಸುಳ್ಳಿಲ್ಲ."

ಹೇಳಿದೆ. ವ್ಯಾಪಾರಿ ನಕ್ಕು ಕೈ ಚಾಚಿದ. ವ್ಯವಹಾರ ಕುದುರಿತು.

ಸಂಜೆ ಊರಿಗೆ ಹೊರಟ ರೈಲುಗಾಡಿಯ ಕಿಟಕಿಯಿಂದ ಕಾಕಾ ಕೇಳಿದ: "ಊರಾಗ ಏನ್ ಹೇಳ್ಲಿ? ಹುಡುಗ ನಮ್ಮಾಂವೋ, ಮುಂಬೈದಾಂವೋ?"

"ಎರಡೂ ಕಡ್ಯಾಂವ ಅನ್ನು!"

"ಅದನ್ನ ಯಾರೂ ನಂಬಂಗಿಲ್ಲ ಬಿಡು."

ಗಾಡಿ ಹೊರಟಾಗ ಒಮ್ಮೆ ಹತ್ತಿಬಿಡೋಣ ಅನ್ನಿಸಿತು. ಹತ್ತದೆ ನಿಂತದ್ದಕ್ಕೆ ಬೇಸರವೂ ಆಗಲಿಲ್ಲ.