ಉಜ್ಜಿನಪ್ಪನ ಟೇಪು

ಓಣಿಯ ನೀರಿನ ಟ್ಯಾಂಕು ತುಂಬುವಾಗ ಸಿಮೆಂಟಿನ ಚಕ್ಕೆಗಳು ಉದುರಿ ಬುಡದ ಹೊಲಿಗೆ ಅಂಗಡಿಯ ತಗಡಿನ ಮೇಲೆ ಬೀಳುತ್ತಿದ್ದವು. ಟಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು, ಟಣ್. ಆಂಧ್ರದ ಗಡಿಯ ರಾಯದುರ್ಗದ ಹುಣಸೇಕಟ್ಟೆ ಓಣಿಗೆ ಆ ಸದ್ದು ರೂಢಿಯಾಗಿಹೋಗಿತ್ತು. ಅಂಗಡಿಯವರ ಸೊಸೆ ಮಾಧವಿಗೆ ಮಾತ್ರ ಪ್ರತಿ ಸಲವೂ ಹೊಲಿಗೆ ಮಷಿನ್ನಿನ ಮೇಲಿನ ಕಾಲು ತಾನಾಗಿ ನಿಂತುಬಿಡುತ್ತಿತ್ತು.

ಆ ಟ್ಯಾಂಕು ಈಗಿಲ್ಲ. ಅದು ಕುಸಿದ ದಿನದಿಂದ ಅವಳ ಮಾವ ಉಜ್ಜಿನಪ್ಪನೂ ಇಲ್ಲ. ಅದರ ಬುಡದ ನಲ್ಲಿಗೆ ಕೊಡ ಹಿಡಿದು ನಿಲ್ಲುತ್ತಿದ್ದ ಹೆಂಗಸರೆಲ್ಲ ಇದ್ದಾರೆ. ಅತ್ತೆ ಪದ್ಮಾವತಮ್ಮನೂ ಇದ್ದಾಳೆ.

ಕಣೇಕಲ್ಲಿನಿಂದ ಹೊಲಿಗೆ ಕಲಿಯಲು ಬಂದ ಉಜ್ಜಿನಪ್ಪ ಎಪ್ಪತ್ತೊಂಬತ್ತರ ವಯಸ್ಸಿಗೂ ಕೊರಳಿನ ಅಳತೆಯ ಟೇಪು ತೆಗೆದವನಲ್ಲ. ಮೂರು ಮಕ್ಕಳನ್ನು ಪೆಡಲು ತುಳಿದೇ ಬೆಳೆಸಿದ, ಒಬ್ಬರ ಮೇಲೂ ಕೈ ಎತ್ತಲಿಲ್ಲ. ಊರವರ ಬಟ್ಟೆ ಮುಗಿಯದೆ ಮನೆಯವರ ಬಟ್ಟೆಗೆ ಕತ್ತರಿ ಹಾಕುತ್ತಿರಲಿಲ್ಲವಾದ್ದರಿಂದ ಅವರ ಮನೆಯ ಯುಗಾದಿ ಯಾವಾಗಲೂ ಒಂದು ದಿನ ತಡ. ಬೀದಿದೀಪ ಕೆಟ್ಟರೆ ಅರ್ಜಿ ಬರೆಯುವವನು ಅವನೇ. ಅರ್ಜಿ ತೆಲುಗಿನಲ್ಲಿ, ಬರೆಯುವಾಗಿನ ಬೈಗುಳ ಕನ್ನಡದಲ್ಲಿ. ರಸ್ತೆಯಲ್ಲಿ ಗುಂಡಿ ಕಂಡರೆ ಕೋಲಿಗೆ ಜೀನ್ಸಿನ ಚೂರು ಕಟ್ಟಿ ನೆಟ್ಟು, ಅದನ್ನು ಮುಚ್ಚುವವರೆಗೂ ದಿನಾ ಹೋಗಿ ನೋಡಿಬರುತ್ತಿದ್ದ.

ಟ್ಯಾಂಕಿನ ಕಂಬದಲ್ಲಿ ಬಿರುಕು ಮೊದಲು ಕಂಡದ್ದೂ ಅವನಿಗೇ. ಬಿರುಕಿನ ತುದಿಗೆ ಹಾಕಿದ ಸೀಮೆಸುಣ್ಣದ ಗುರುತು ಒಂದೇ ಮಳೆಗೆ ಹೋಯಿತು. ಆಮೇಲೆ ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಕುಕ್ಕರುಗಾಲಲ್ಲಿ ಕೂತು ಬಿರುಕಿನುದ್ದಕ್ಕೂ ಟೇಪು ಹಿಡಿಯತೊಡಗಿದ.

“ಏನ್ರೀ, ಟ್ಯಾಂಕಿಗೂ ಪ್ಯಾಂಟು ಹೊಲಿಯೋರದೀರೇನು?” ಸಾಲಿನಲ್ಲಿ ನಿಂತ ಪದ್ಮಾವತಮ್ಮ ಕೇಳುತ್ತಿದ್ದಳು.

“ನಿನ್ನಂಗ ಬೆಳದಿಲ್ಲ ಬಿಡು ಇದು. ನಲವತ್ತ ಇಂಚು, ಹೋದ ತಿಂಗಳೂ ನಲವತ್ತ.”

ಹೆಂಗಸರು ನಕ್ಕು ಕೊಡ ಮುಂದೆ ಸರಿಸುತ್ತಿದ್ದರು. ಎರಡು ವರ್ಷದ ಹಿಂದೆ ಟ್ಯಾಂಕು ನೋಡಲು ಬಂದ ಎಂಜಿನಿಯರು, ಬಿರುಕು ಬೆಳೆದಿದೆಯೇ ಎಂದು ಕೇಳಿದ್ದು ಅವನನ್ನೇ. “ಇಲ್ರೀ ಸಾರ್, ನಿಂತಲ್ಲೇ ನಿಂತೈತಿ” ಎಂದಿದ್ದ ಉಜ್ಜಿನಪ್ಪ. ಹಾಗೆಯೇ ಬರೆದುಕೊಂಡು ಹೋದರು. ಅಂದಿನಿಂದ ಯಾರಾದರೂ ಹೆದರಿಕೆಯ ಮಾತಾಡಿದರೆ, “ಉಜ್ಜಿನಪ್ಪ ಅಳದಾನಲ್ಲ” ಎಂದರೆ ಮುಗಿಯಿತು. ಚಕ್ಕೆಗಳು ಮಾತ್ರ ಮೊದಲಿಗಿಂತ ಹೆಚ್ಚು ಬೀಳುತ್ತಿದ್ದವು.

ಆ ಶ್ರಾವಣದ ಬೆಳಿಗ್ಗೆ ಬಳ್ಳಾರಿಯ ವ್ಯಾಪಾರಿಗೆ ಹೊಲಿದು ಕಳಿಸಿದ್ದ ಜೀನ್ಸ್ ಪ್ಯಾಂಟುಗಳ ಗಂಟು ವಾಪಸು ಬಂತು. ನಲವತ್ತರ ಸೊಂಟ ಒಂದೂವರೆ ಇಂಚು ದೊಡ್ಡದಾಗಿದೆ ಎಂದು ಮೇಲೊಂದು ಚೀಟಿ. ತನ್ನ ಟೇಪು ಹರಿದದ್ದರಿಂದ ಮಾಧವಿ ಅವನ್ನು ಮಾವನ ಟೇಪಿನಲ್ಲೇ ಕತ್ತರಿಸಿದ್ದಳು. ಈಗ ಹೊಸದೊಂದನ್ನು ತರಿಸಿ, ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹಾಸಿದಳು.

“ಮಾವಾ, ಇಲ್ಲಿ ಬರ್ರಿ. ನಿಮ್ಮ ಟೇಪು ಜಗ್ಗೈತಿ. ನಿಮ್ಮ ನಲವತ್ತು ಅಂದ್ರ ಇದರಾಗ ನಲವತ್ತೊಂದೂವರೆ.”

“ಹೋಗ ಹುಚ್ಚಿ! ವರ್ಷಾನುಗಟ್ಲೆ ಇದರಾಗ ಹೊಲದೀನಿ. ಒಬ್ಬರದಾದರೂ ಪ್ಯಾಂಟು ಜಾರೈತೇನು?”

“ಹೆಂಗ ಜಾರತಾವ್ರಿ? ಮೈ ಅಳಿಯೋದೂ ಇದರಾಗ, ಬಟ್ಟಿ ಅಳಿಯೋದೂ ಇದರಾಗ. ಎರಡೂ ಕಡೆ ಒಂದ ತಪ್ಪು, ಅದಕ್ಕ ಯಾರಿಗೂ ಗೊತ್ತಾಗಿಲ್ಲ.”

ಉಜ್ಜಿನಪ್ಪ ನಕ್ಕ. ನಗು ಅರ್ಧಕ್ಕೇ ನಿಂತಿತು. ಅವನ ಬೆರಳು ಹಳೆಯ ಟೇಪಿನ ನಲವತ್ತರ ಮೇಲೆಯೇ ಉಳಿಯಿತು.

ಮೇಲೆ ತಗಡು ಸದ್ದು ಮಾಡಿತು. ಟಣ್.

ಮಾಧವಿಗೂ ಆಗ ಹೊಳೆಯಿತು. ಬಿರುಕು ನಿಂತಿರಲಿಲ್ಲ. ಅದು ಬೆಳೆಯುತ್ತಿತ್ತು, ಟೇಪೂ ಅದರ ಜೊತೆಗೇ ಜಗ್ಗುತ್ತಿತ್ತು. ಅದಕ್ಕೇ ತಿಂಗಳು ತಿಂಗಳೂ ನಲವತ್ತು.

“ನಿಮ್ಮತ್ತಿ ಎಲ್ಲದಾಳ?” ಅವನ ದನಿ ಸಣ್ಣದಾಗಿತ್ತು.

“ನೀರಿಗೆ ಹೋಗ್ಯಾರ್ರಿ. ಇವತ್ತು ನೀರು ಬಿಡೋ ದಿನ, ಎಲ್ಲಾರೂ ಅಲ್ಲೇ ಅದಾರ.”

ಮತ್ತೆರಡು ಚಕ್ಕೆಗಳು ಬಿದ್ದವು, ಒಂದರ ಹಿಂದೊಂದು.

“ನೀವು ಕೂಡ್ರಿ ಮಾವಾ, ನಾ ಓಡ್ತೀನಿ.”

“ನೀ ಹೇಳಿದ್ರ ಕದಲಂಗಿಲ್ಲ ಅವರು. ಏನೂ ಆಗಂಗಿಲ್ಲ ಅಂತ ನಿಲ್ಲಿಸಿದಾವ ನಾನು, ನಾನ ಕದಲಿಸಬೇಕು.” ಅವನು ಹೊಸ ಟೇಪನ್ನು ಕೊರಳಿಗೆ ಹಾಕಿಕೊಂಡ. “ನೀರು ಬಿಡೋ ಹನುಮಂತುಗ ಫೋನ್ ಹಚ್ಚು, ಮೋಟಾರ್ ಬಂದ್ ಮಾಡಂತ ಹೇಳು. ಆ ಹೆಣ್ಮಕ್ಕಳನ್ನೆಲ್ಲ ದೂರ ಕಳಿಸಿಬಿಟ್ಟು, ಆ ಕಂಬಾನ ಒಂದ ಸಲ, ಒಂದ ಸಲನಾದ್ರೂ ಸರಿಯಾಗಿ…” ಎನ್ನುತ್ತಲೇ, ಚಪ್ಪಲಿಯನ್ನೂ ಮೆಟ್ಟದೆ, ಹೊಸ್ತಿಲು ದಾಟಿ ನಡೆದುಬಿಟ್ಟ.