ನದಿ ನೋಡುತ್ತಾ ಹಾಕಿದ ಸಹಿ

ಕೃಷ್ಣಾ ನದಿ ನೋಡುತ್ತಾ ಸಹಿ ಹಾಕಬಾರದು. ಇಷ್ಟು ಸಣ್ಣ ಪಾಠ ಕಲಿಯಲು ನಾನು ವಿಜಯವಾಡದಿಂದ ವಿಶಾಖಪಟ್ಟಣದ ಕೋರ್ಟಿನವರೆಗೆ ಹೋಗಬೇಕಾಯಿತು.

ಬ್ಯಾಂಕಿನ ವರ್ಗಾವಣೆಯಲ್ಲಿ ಧಾರವಾಡದಿಂದ ವಿಜಯವಾಡಕ್ಕೆ ಬಂದ ನಮಗೆ ಭವಾನಿಪುರಂನಲ್ಲಿ ಸಿಕ್ಕಿದ್ದು ಮೂರನೇ ಮಹಡಿಯ ಫ್ಲ್ಯಾಟು. ವರಾಂಡದ ತುದಿಯಲ್ಲಿ ನಿಂತರೆ ನದಿ. ಸಂಜೆಯಾದರೆ ನೀರು, ನಡುವಿನ ದ್ವೀಪ, ಆಕಾಶ ಮೂರೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಆ ಹೊತ್ತಿನಲ್ಲಿ ನಾನು ಯಾರ ಕೈಗೂ ಸಿಗುವುದಿಲ್ಲ. (ಕೂಗಿದರೂ ಕೇಳಿಸುವುದಿಲ್ಲ ಎಂಬುದು ಹೆಂಡತಿಯ ಹಳೇ ದೂರು.)

ಅಂಥದೇ ಒಂದು ಸಂಜೆ, ಕೋರ್ಟಿನ ಕಾಗದ ಮುಟ್ಟಿಸುವ ಅಮೀನ ಬಂದ. ಪದ್ಮಜ ಅವರ ಮನೆ ಯಾವುದೆಂದು ತೆಲುಗಿನಲ್ಲಿ ಕೇಳಿದ. ಎದುರಿನ ಬಾಗಿಲನ್ನೂ ಅದಕ್ಕೆ ಹಾಕಿದ್ದ ಬೀಗವನ್ನೂ ತೋರಿಸಿದೆ. “ಮನೆ ತೋರಿಸಿದ್ದಕ್ಕೆ ಒಂದು ಸಹಿ ಸಾರ್” ಎಂದ. ಹಾಕಿದೆ. ತೆಲುಗು ಲಿಪಿ ನಮ್ಮದರ ಹಾಗೇ ಇದೆ, ಓದದಿದ್ದರೂ ಓದಿದಂತೆಯೇ ಎಂಬ ಭ್ರಮೆ ನಮಗೆಲ್ಲ ಇದೆಯಲ್ಲ? ನನ್ನ ಕಣ್ಣು ದ್ವೀಪದಿಂದ ಮರಳುತ್ತಿದ್ದ ದೋಣಿಯ ಮೇಲಿತ್ತು. ಅವನು ಹೋದದ್ದೂ ತಿಳಿಯಲಿಲ್ಲ.

ಪದ್ಮಜ ಶಾಲಾ ಟೀಚರ್. ಗಂಡನಿಂದ ದೂರವಾಗಿ, ಏಳು ವರ್ಷದ ಮಗಳು ಲಾಸ್ಯಳ ಜೊತೆ ಇರುತ್ತಾರೆ. ಆ ವಾರ ಇಬ್ಬರೂ ಇಬ್ರಾಹಿಂಪಟ್ನಂನ ತವರಿಗೆ ಹೋಗಿದ್ದರು. ಕೆಲವು ತಿಂಗಳ ನಂತರ ಅವರ ಕೈಸೇರಿದ್ದು ನೇರವಾಗಿ ಆದೇಶವೇ: ಮಗಳನ್ನು ಗಂಡನಿಗೆ ಒಪ್ಪಿಸತಕ್ಕದ್ದು. ಗಂಡ ವಿಶಾಖಪಟ್ಟಣದಲ್ಲಿ ಕೇಸು ಹಾಕಿದ್ದ. ಇವರು ಹಾಜರಾಗಲಿಲ್ಲವೆಂದು ಅವನ ಮಾತಷ್ಟೇ ಕೇಳಿ ತೀರ್ಮಾನವಾಗಿತ್ತು. ಸಮನ್ಸನ್ನು ಬಾಗಿಲಿಗೆ ಅಂಟಿಸಿದ್ದಾಗಿ ಅಮೀನ ಬರೆದುಕೊಟ್ಟಿದ್ದ. ಅಂಟಿಸಿದ್ದನ್ನು ಕಣ್ಣಾರೆ ಕಂಡ ಸಾಕ್ಷಿ ಯಾರು? ನಾನು!

“ಓದಲಾರ್ದ ಸಹಿ ಮಾಡೀರೇನ್ರಿ?” ಹೆಂಡತಿ ಹಣೆ ಚಚ್ಚಿಕೊಂಡಳು. “ಬ್ಯಾಂಕಿನ್ಯಾಗ ಮಂದಿಗೆ ದಿನಾ ಬುದ್ಧಿ ಹೇಳವ್ರು ನೀವ ಅಲ್ಲೇನು?”

ಪದ್ಮಜ ಬೈಯಲಿಲ್ಲ. ಕೋರ್ಟಿಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳುತ್ತೀರಾ ಎಂದಷ್ಟೇ ಕೇಳಿದರು.

ಆಗಲಿ ಎಂದೆ. ಅವರ ಅರ್ಜಿಯ ವಿಚಾರಣೆಯ ದಿನ ಇಬ್ಬರೂ ಬೆಳಗಿನ ರೈಲು ಹತ್ತಿದೆವು. ಕಿಟಕಿಯಾಚೆ ಹಸಿರು ಗದ್ದೆ, ತಾಳೆಮರ, ಮತ್ತೆ ಗದ್ದೆ. ಓದದೆ ಸಹಿ ಹಾಕಿದೆ ಎಂದರೆ ಆಫೀಸಿನಲ್ಲಿ ನನ್ನ ಮರ್ಯಾದೆ ಏನಾಗಬೇಡ? ಕಂಡೆ ಎಂದುಬಿಟ್ಟರೆ ಲಾಸ್ಯ ಅಮ್ಮನಿಂದ ದೂರ. ಮಂಪರು ಹತ್ತಿತು. ಸಾಮರ್ಲಕೋಟ ದಾಟುವ ಹೊತ್ತಿಗೆ ಆ ಬಾಗಿಲ ಮೇಲೆ ಬಿಳಿ ಕಾಗದವೊಂದು ಕಂಡಂತೆಯೇ ಅನ್ನಿಸತೊಡಗಿತು. ಗಾಳಿಗೆ ಅದರ ಅಂಚು ಅಲುಗಾಡುತ್ತಿತ್ತು ಕೂಡ! ನೆನಪು ಎಷ್ಟು ಉಪಕಾರಿ ನೋಡಿ. ನಮ್ಮ ಮಾನ ಉಳಿಸಲು ತಾನೇ ಗೋಂದು ಹಿಡಿದುಕೊಂಡು ಬರುತ್ತದೆ. ನನಗೆ ನನ್ನ ಮೇಲೆಯೇ ಹೆದರಿಕೆಯಾಯಿತು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಕೋರ್ಟಿನಲ್ಲಿ ಗಂಡನ ಕಡೆಯ ವಕೀಲರು ಕೇಳಿದರು, “ಬ್ಯಾಂಕ್ ಆಫೀಸರ್ ನೀವು. ಓದದೆ ಸಹಿ ಹಾಕ್ತೀರಾ?”

“ಹಾಕಿದೆ.”

“ಅಂಟಿಸಿದ್ದನ್ನು ನೋಡಲಿಲ್ಲವಾ?”

“ಇಲ್ಲ.”

“ಮತ್ತೇನು ನೋಡ್ತಿದ್ರಿ?”

“ನದಿ.”

ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ, ಬರೆದುಕೊಂಡರು. ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲ ಎಂದು ಹಳೆಯ ಆದೇಶ ರದ್ದಾಯಿತು. ಕೇಸು ಮತ್ತೆ ಮೊದಲಿನಿಂದ ನಡೆಯುತ್ತದೆ. ಅಲ್ಲಿಯವರೆಗೆ ಲಾಸ್ಯ ಅಮ್ಮನ ಹತ್ತಿರವೇ ಇರುತ್ತಾಳೆ. ನನಗೆ ಅಳು ಬರುವಷ್ಟು ಸಂತೋಷವಾಯಿತು.

ವಾಪಸ್ ಬರುವ ರೈಲಿನಲ್ಲಿ, ದೊಡ್ಡ ಕೆಲಸ ಮಾಡಿದವನಂತೆ ಕಾಲು ಚಾಚಿ ಕೂತಿದ್ದೆ. ಪದ್ಮಜ ಮೆಲ್ಲಗೆ ಹೇಳಿದರು, “ಥ್ಯಾಂಕ್ಸ್ ಅಂಡಿ. ಆದ್ರೆ ಸಾರ್, ನಾವು ಊರಿಂದ ಬಂದ ದಿನ ನೀವು ಲಿಫ್ಟ್‌ನಲ್ಲಿ ಸಿಕ್ಕಿದ್ರಿ. ಯಾರೋ ಹುಡುಕ್ಕೊಂಡು ಬಂದಿದ್ರು ಅಂತ ಒಂದು ಮಾತು ಹೇಳಿದ್ರೂ ಸಾಕಿತ್ತು.”

ಆರು ಹೆಜ್ಜೆ ಆಚೆಯ ಬಾಗಿಲಿಗೆ ಸುದ್ದಿ ಮುಟ್ಟಿಸದವನು ಅಮೀನನೊಬ್ಬನೇ?