ಪ್ರಾರ್ಥನೆಗೆ ಬರುವವರ ಜೋಳ

ಕಳೆದ ವರ್ಷ ಈಸ್ಟರ್ ಮರುದಿನ, ಸೋಮವಾರ ಬೆಳಿಗ್ಗೆ, ಮಹಾರಾಷ್ಟ್ರದ ಗಡಿ ಊರಾದ ಸಂಖದ ಹತ್ತಿರದ ನಮ್ಮ ಹಳ್ಳಿಯ ಗಿರಣಿಯವನು ಅಕ್ಕನ ಜೋಳವನ್ನು ಬೀಸಿಕೊಡದೆ ವಾಪಸ್ ಕಳಿಸಿದ. ಮಷಿನ್ ಕೆಟ್ಟಿದೆ ಎಂದ. ಹಾಗೆ ಹೇಳಲು ಅವನು ಗಂಟಲು ಹರಿಯುವಂತೆ ಕೂಗಬೇಕಾಯಿತು. ಮಷಿನ್ ಓಡುತ್ತಿತ್ತು.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ನಮ್ಮ ಸಭೆಯಲ್ಲಿ ಎಲ್ಲರೂ ಅವಳನ್ನು ಹಾಗೆಯೇ ಕರೆಯುತ್ತೇವೆ. ಗಂಡ ತೀರಿಕೊಂಡಿದ್ದಾನೆ. ಅವಳ ಮನೆಯ ಹಿಂದಿನ ತಗಡಿನ ಪತ್ರಾ ಶೆಡ್ಡಿನಲ್ಲಿ ನಾವು ಕೆಲವು ಮನೆಯವರು ಭಾನುವಾರ ಕೂಡಿ ಯೇಸುವಿಗೆ ಪ್ರಾರ್ಥಿಸುತ್ತೇವೆ. ಆ ಈಸ್ಟರಿಗೆ ಊರಿನಲ್ಲಿ ಗಾರೆ ಕೆಲಸ ಮಾಡುವ ಒಬ್ಬ ಗೌಂಡಿಯೂ ಅವನ ಹೆಂಡತಿಯೂ ಹೊಸದಾಗಿ ಸೇರಿದ್ದರು. ಅದೇ ಸಂಜೆ ಊರಿನ ಕೆಲವು ಹಿರಿಯರು ಕಟ್ಟೆಯ ಮೇಲೆ ಕುಳಿತು, ಈ ಕೂಟ ನಿಲ್ಲುವ ತನಕ ಇವರ ಕಾಳು ಬೀಸಬಾರದು ಎಂದು ತೀರ್ಮಾನಿಸಿದರು. ನಾನು ಅಲ್ಲಿರಲಿಲ್ಲ. ಇದ್ದವರೊಬ್ಬರು ಮರುದಿನ ನನಗೆ ಚಹಾ ಕುಡಿಸಿ ಹೇಳಿದರು. ಯಾರ ಮೇಲೂ ದ್ವೇಷವಿಲ್ಲ ಎಂದೂ ಸೇರಿಸಿದರು.

ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ರೊಟ್ಟಿ ತಟ್ಟಿದರೆ ಒಡೆಯುತ್ತದೆ. ಹಾಗಾಗಿ ಗಿರಣಿಗೆ ಮೇಲಿಂದ ಮೇಲೆ ಹೋಗಲೇಬೇಕು. ಗಾಡಿಯಿಲ್ಲದ ನಾವು ಪ್ರತಿ ಸಲ ಬೇರೆ ಊರಿನ ಗಿರಣಿಗೆ ಚೀಲ ಹೊತ್ತು ಹೋಗುವುದು ಆಗದ ಮಾತು. ಕಟ್ಟೆಯವರಿಗೆ ಇದು ಗೊತ್ತಿತ್ತು. ನಮ್ಮ ಊರಿನಲ್ಲಿ ಅಷ್ಟು ಯೋಚಿಸಿ ಮಾಡಿದ ಕೆಲಸ ಬೇರೊಂದು ನನಗೆ ನೆನಪಿಲ್ಲ.

ಅಕ್ಕ ಗಾಳಿಗೆ ಪತ್ರಾ ಹಾರದಿರಲೆಂದು ಶೆಡ್ಡಿನ ಮೇಲೆ ಹೇರಿಟ್ಟಿದ್ದ ಬೀಸುಕಲ್ಲನ್ನು ಇಳಿಸಿ ತೊಳೆದಳು. ಪತ್ರಿಕೆಗೆ ಸುದ್ದಿ ಕಳಿಸುವುದು ನನ್ನ ಕೆಲಸ. ಇದನ್ನು ಕಳಿಸಲೇ ಎಂದು ಕೇಳಿದೆ.

"ಬ್ಯಾಡಪಾ. ಪೇಪರದಾಗ ಬಂದ್ರ ಗಿರಣಿಯಂವ ನಾಚಿಕ್ಯಾಗಿ ಮಾರಿ ತೋರಸಂಗಿಲ್ಲ. ನಾಳಿ ಅಂವನೂ ಪ್ರಾರ್ಥನಾಕ್ಕ ಬರಬೇಕಲ್ಲ?"

ಕಳಿಸಲಿಲ್ಲ.

ಆ ವಾರದಲ್ಲೇ ಗೌಂಡಿ ಬಂದ. ಕುಳಿತುಕೊಳ್ಳಲಿಲ್ಲ.

"ಅಕ್ಕಾ, ಇನ್ನ ಮ್ಯಾಲ ನಾವು ಬರಂಗಿಲ್ಲರಿ. ದಿನಾ ಅನ್ನ ಉಂಡು ನಮ್ಮವ್ವ ಬೈಯಾಕತ್ತಾಳ. ನಿಮ್ಮ ದೇವರು ರೊಟ್ಟೀನ ಬಿಡಿಸಿದ ಅಂತಾಳ."

"ಬರಬ್ಯಾಡ ಬಿಡು," ಎಂದಳು ಅಕ್ಕ. "ಆದ್ರ ಜೋಳ ಕಳಸು. ಪ್ರಾರ್ಥನಾಕ್ಕ ಬರದವರ ಜೋಳ ಬೀಸಬಾರದು ಅಂತ ನನ್ನ ಮನ್ಯಾಗ ಯಾರೂ ಠರಾವ್ ಮಾಡಿಲ್ಲ."

ಜೋಳದ ಜೊತೆ ಅವನ ಹೆಂಡತಿಯೂ ಬಂದಳು, ಬೀಸುಕಲ್ಲಿನ ಗೂಟ ಹಿಡಿಯಲು ಇನ್ನೊಂದು ಕೈ ಬೇಕಲ್ಲ. ಇಬ್ಬರೂ ಎದುರುಬದುರು ಕುಳಿತು ಬೀಸುತ್ತಿದ್ದರು. ಒಂದು ದಿನ ನಾನು ನಮ್ಮ ಮನೆಯ ಜೋಳ ಹಿಡಿದು ಸರದಿಗೆ ಕುಳಿತಿದ್ದಾಗ ಆ ಹುಡುಗಿ ಕೇಳಿದಳು:

"ನಿಮಗ ಅಂಜಿಕಿ ಆಗಂಗಿಲ್ಲೇನ್ರಿ ಅಕ್ಕಾ?"

"ಆಗತೈತಿ. ಅದಕ್ಕ ಪ್ರಾರ್ಥನಾ ಮಾಡತೇನಿ. ಅಂಜಿಕೀನ ಇರಲಿಲ್ಲಂದ್ರ ದೇವರಿಗ್ಯಾಕ ಸುಮ್ನ ತ್ರಾಸ ಕೊಡಲಿ?"

ಇಷ್ಟರಲ್ಲಿ ಸುದ್ದಿ ನಮ್ಮ ತಾಲೂಕಿನ ಪೇಟೆ ಜತ್ತಕ್ಕೆ ಮುಟ್ಟಿತು. ಅಲ್ಲಿನ ವಿಶ್ವಾಸಿಗಳು ನಮ್ಮನ್ನು ಬಲಪಡಿಸಲು ಒಂದು ಶನಿವಾರ ಮಧ್ಯಾಹ್ನ ಜೀಪು ತುಂಬಿಕೊಂಡು ಬಂದರು. ಪಾಸ್ಟರು ಸೈರಣೆಯ ಬಗ್ಗೆ ಮರಾಠಿಯಲ್ಲಿ ಉದ್ದನೆಯ ಸಂದೇಶ ಕೊಟ್ಟರು. ಚೆನ್ನಾಗಿತ್ತು. ಅಕ್ಕನಿಗೂ ಗೌಂಡಿಯ ಹೆಂಡತಿಗೂ ಕೇಳಲಾಗಲಿಲ್ಲ. ಬಂದವರ ಊಟಕ್ಕೆ ಅವರು ಒಳಗೆ ಹಿಟ್ಟು ಬೀಸುತ್ತಿದ್ದರು. ಕಲ್ಲಿನ ಸದ್ದು ಹೆಚ್ಚಾದಾಗ ಒಬ್ಬ ಸಹೋದರರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

ಊಟದಲ್ಲಿ ಎಲ್ಲರೂ ರೊಟ್ಟಿಯನ್ನು ಹೊಗಳಿದರು.

"ಬೀಸುಕಲ್ಲಿನ ಹಿಟ್ಟಿನ ರುಚೀನ ಬ್ಯಾರೆ ನೋಡ್ರಿ," ಎಂದರು ಬಾಗಿಲು ಮುಚ್ಚಿದ ಸಹೋದರರು. "ಶುಗರಿಗೂ ಚಲೋ. ಇದೂ ಒಂದು ಆಶೀರ್ವಾದ ಅನ್ರಿ."

ಇನ್ನೊಬ್ಬರು ಮನೆಗೆ ಒಯ್ಯಲು ಸ್ವಲ್ಪ ಹಿಟ್ಟು ಸಿಗಬಹುದೇ ಎಂದು ವಿಚಾರಿಸಿದರು. ಕೊನೆಗೆ ಪಾಸ್ಟರು ನಿಂತು, ಕರ್ತನೇ, ಈ ಸಹೋದರಿಯ ತೋಳುಗಳಿಗೆ ಬಲ ಕೊಡು ಎಂದು ಪ್ರಾರ್ಥಿಸಿದರು. ಎಲ್ಲರಿಗಿಂತ ಜೋರಾಗಿ ಆಮೆನ್ ಎಂದವಳು ಅಕ್ಕ. ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು:

"ಪಾಸ್ಟರ, ಜತ್ತದಾಗ ಗಿರಣಿ ಚಾಲೂ ಅದಾವೇನ್ರಿ?"

"ಅದಾವಲ್ಲ. ಭಾಳ ಅದಾವು."

"ನಿಮ್ಮ ಗಾಡ್ಯಾಗ ಹಿಂದ ಜಾಗಾ ಐತೇನ್ರಿ?"

ಅಷ್ಟು ದೂರದಿಂದ ಬಂದ ಅಷ್ಟು ಜನರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

"ಅಕ್ಕಾ, ನಾವು ಆತ್ಮಿಕ ಕೆಲಸಕ್ಕ ಬಂದೇವಿ," ಎಂದರು ಶುಗರಿನ ಸಹೋದರರು.

"ಹೌದ್ರಿ ಅಣ್ಣಾರ. ಚೀಲಾ ಎತ್ತೂಮುಂದ ಒಂದು ಹಾಡು ಹಾಡ್ರಿ."

ಮೊದಲು ನಕ್ಕವರು ಪಾಸ್ಟರು, ಅದನ್ನು ದಾಖಲಿಸಲೇಬೇಕು. ತೋಳು ಮಡಚಿ ಮೊದಲ ಚೀಲ ಎತ್ತಿದವರೂ ಅವರೇ. ಇನ್ನೊಂದು ತುದಿ ಹಿಡಿದವನು ಗೌಂಡಿ. ಹೆಂಡತಿಯನ್ನು ಕರೆದೊಯ್ಯಲು ಬಂದು ಅಷ್ಟು ಹೊತ್ತೂ ಹೊರಗೆ ಬೇವಿನ ಕೆಳಗೆ ನಿಂತಿದ್ದ. ಜೀಪು ಹೊರಟಾಗ ಶುಗರಿನ ಸಹೋದರರ ಮೊಣಕಾಲು ಕಾಣುತ್ತಿರಲಿಲ್ಲ. ತೊಡೆಯ ಮೇಲೆ ನಮ್ಮ ಮನೆಯ ಜೋಳವಿತ್ತು.

ಸೋಮವಾರ ಹಿಟ್ಟು ಬಂತು. ಜೊತೆಗೆ ಸಂದೇಶ ಇರಲಿಲ್ಲ.

ಈಗ ಆ ಜೀಪು ಶನಿವಾರ ಬಂದು ಚೀಲ ಒಯ್ಯುತ್ತದೆ. ಕಟ್ಟೆಯ ತೀರ್ಮಾನ ಹಾಗೆಯೇ ಇದೆ. ಗೌಂಡಿ ಬಹಳ ವಾರ ಚೀಲ ಹೇರುವುದಕ್ಕಷ್ಟೇ ಬರುತ್ತಿದ್ದ. ಹೇರಿದ ಮೇಲೆ ಪ್ರಾರ್ಥನೆಯ ಹಾಡು ಶುರುವಾದರೆ ಹೊರಗೆ ಹೋಗಿ ನಿಲ್ಲುತ್ತಿದ್ದ. ಹೆಂಡತಿ ಒಳಗೆ ಕೂರುತ್ತಿದ್ದಳು. ಮಳೆಗಾಲ ಕಳೆದ ಮೇಲೆ ಅವನೂ ಒಳಗೆ ಕೂರತೊಡಗಿದ.

ಕಳೆದ ಭಾನುವಾರ ಅವನ ತಾಯಿಯೂ ಬಂದಿದ್ದರು. ಬಾಗಿಲ ಹತ್ತಿರ ಗೋಣಿತಟ್ಟಿನ ಮೇಲೆ ಕುಳಿತರು. ರೊಟ್ಟಿ ತಟ್ಟುವ ಹೊತ್ತಾಯಿತೆಂದು ಪ್ರಾರ್ಥನೆ ಮುಗಿಯುವ ಮೊದಲೇ ಎದ್ದು ಹೋದರು.